ಗೋಡೆಯಾಚೆಯ ಗಂಡ

"ಯಾರಿಗಾದರೂ ಕೆಮ್ಮು ಇದೆಯಾ?"

ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ ಎಲ್ಲರನ್ನೂ ಕೇಳಿದಂತೆ ಇವರನ್ನೂ ಕೇಳಿದ್ದ. ಇಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಯಿ ತೆರೆದವನು ಅವಳ ಗಂಡ.

"ನನಗಿಲ್ಲ ಸಾರ್. ನನ್ನ ಹೆಂಡತಿ ದಾರೀಲಿ ಕೆಮ್ಮಿದಳು."

ಅವಳು ನೀರು ಕುಡಿಯುವಾಗ ನಗಿಸಿದವನೂ ಅವನೇ, ನೀರು ನೆತ್ತಿಗೆ ಹತ್ತಿದ್ದೂ ಅದಕ್ಕೇ. ಅದನ್ನೂ ಪ್ರಾಮಾಣಿಕವಾಗಿ ವಿವರಿಸಿದ. ಕೇಳುವವರು ಯಾರು? ಕ್ವಾರಂಟೈನ್‌ನಲ್ಲಿ ಒಂದೇ ಕೋಣೆ ಸಿಗಬೇಕಾಗಿದ್ದ ಹೊಸ ಜೋಡಿಗೆ ಅಕ್ಕಪಕ್ಕದ ಎರಡು ಕೋಣೆ ಸಿಕ್ಕವು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಎದ್ದು ಹೋಗಲು ಬಾಗಿಲು ತೆರೆದಿರಲಿಲ್ಲ, ಇಲ್ಲದಿದ್ದರೆ ಅವಳೂ ಒದ್ದೇಬಿಡುತ್ತಿದ್ದಳೇನೋ.

ಅವಳು ನರ್ಸ್. ಹೆರಿಗೆ ವಾರ್ಡಿನಲ್ಲಿ ಓಡಾಡಿಕೊಂಡೇ ಊಟ ಮಾಡಿ ಅಭ್ಯಾಸವಾದವಳು. ಅವನು ಬೋರ್‌ವೆಲ್ ಪಂಪು ರಿಪೇರಿ ಮಾಡುವವನು. ಇಬ್ಬರೂ ಬೇರೆಬೇರೆಯಾಗಿ ಒಂದೇ ಕ್ರೈಸ್ತ ಮಿಷನ್‌ಗೆ ಅರ್ಜಿ ಹಾಕಿದ್ದರು. ವಿದೇಶದ ಸೇವೆಗೆ ಮದುವೆಯಾದವರನ್ನು ಮಾತ್ರ ಕಳಿಸುವುದು ಆ ಮಿಷನ್‌ನ ಪದ್ಧತಿ. ಪಾಸ್ಟರ್ ಇವರಿಬ್ಬರ ವಿಷಯವನ್ನು ಅವಳ ಸೋದರತ್ತೆಯ ಕಿವಿಗೆ ಹಾಕಿದರು, ಅತ್ತೆ ಅದನ್ನು ಊರ ತುಂಬ ಹಬ್ಬಿಸಿದರು, ನೋಡನೋಡುತ್ತಿದ್ದಂತೆ ಮದುವೆಯೇ ಆಗಿಹೋಯಿತು. ಇನ್ನೂ ನೆಂಟರು ಊರು ಸೇರಿರಲಿಲ್ಲ, ಇವರು ವಿಮಾನ ಹತ್ತಿದ್ದರು.

ಅಂದಿನಿಂದ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಇವನಿಗೆ ಬೇಕಾಗಿದ್ದದ್ದು ನಾನಾ, ಅಥವಾ ಇಲ್ಲಿಗೆ ಬರುವುದಕ್ಕೆ ಒಬ್ಬ ಹೆಂಡತಿಯಾ?

ಕೋಣೆಯಲ್ಲಿ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಬಾಲ್ಕನಿಗೆ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಹೊರಗೆ ಸ್ಟೂಲಿನ ಮೇಲೆ ಊಟದ ಡಬ್ಬಿ ಇಟ್ಟ ಸದ್ದಾದರೆ, ಅದನ್ನು ತಂದವರ ಬೆನ್ನನ್ನಾದರೂ ನೋಡೋಣವೆಂದು ಓಡುತ್ತಿದ್ದಳು. ಸೇವೆ ಮಾಡಲೆಂದು ಸಮುದ್ರ ದಾಟಿ ಬಂದವಳಿಗೆ ಸೊಳ್ಳೆ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಬಾಲ್ಕನಿಗಳ ನಡುವೆ ತಲೆಗಿಂತ ಎತ್ತರದ ಗೋಡೆ. ಕಂಬಿ ಹಿಡಿದು ಇಬ್ಬರೂ ಹೊರಗೆ ಬಾಗಿದರೆ ಮಾತ್ರ ಮುಖ ಕಾಣುವುದು, ಅದೂ ಮಾಸ್ಕ್ ಹಾಕಿದ ಅರ್ಧ ಮುಖ. ಸ್ವಲ್ಪ ಹೆಚ್ಚು ಹೊತ್ತು ಬಾಗಿದರೆ ಕೆಳಗಿನ ಕಾವಲುಗಾರ ಸೀಟಿ ಊದುತ್ತಿದ್ದ.

"ಇನ್ನೂ ಕೋಪಾನಾ?" ಎಂದು ಅವನು ಕೇಳಿದ.

"ನನ್ನ ಹತ್ರ ಮಾತಾಡ್ಬೇಡಿ. ಕೆಮ್ಮು ಬಂದ್ರೆ ಮತ್ತೆ ಚಾಡಿ ಹೇಳ್ತೀರಿ."

"ಕೇಳಿದ್ರು, ಹೇಳ್ದೆ. ಸುಳ್ಳು ಹೇಳೋಕೆ ನಾಲಿಗೆ ಹೊರಳಲ್ಲ ನಂಗೆ."

"ಸುಮ್ನಿರೋಕೂ ಹೊರಳಲ್ವಾ?"

ಅವನು ನಕ್ಕ. ಮಾಸ್ಕಿನ ಮೇಲೆ ಕಣ್ಣು ಕಿರಿದಾಗಿ, ಅಂಚಿನಲ್ಲಿ ಸಣ್ಣ ಗೆರೆಗಳು ಮೂಡಿದವು. ಎಡಗಣ್ಣಿನ ಹತ್ತಿರ ಒಂದು ಗೆರೆ ಜಾಸ್ತಿ. ಮದುವೆಯ ಗಡಿಬಿಡಿಯಲ್ಲಿ ಅವಳು ಇದನ್ನೆಲ್ಲ ನೋಡಿರಲೇ ಇಲ್ಲ. ಈಗ ನೋಡುತ್ತ ಅವಳು ಕೋಪವನ್ನೇ ಮರೆತಳು. ಸೀಟಿ ಕೇಳಿತು.

ಸೋದರತ್ತೆ ಫೋನ್ ಮಾಡಿ, "ಇಬ್ರೂ ಹೊಂದ್ಕೊಂಡು ಇದೀರಾ ತಾನೆ?" ಎಂದರು.

"ಮಧ್ಯೆ ಗೋಡೆ ಇದೆ ಅತ್ತೆ. ನೆಟ್ಟಗೆ ಜಗಳ ಆಡೋಕೂ ಆಗಲ್ಲ."

ಮಿಷನ್‌ನ ಹಿರಿಯರು ಫೋನ್ ಮಾಡಿದ್ದು ಅದರ ಮಾರನೆಯ ದಿನ. ಬೆಟ್ಟದ ಮೇಲಿನ ಶಿಬಿರದಲ್ಲಿ ಹೆರಿಗೆ ಮಾಡಿಸುವವರು ಯಾರೂ ಇಲ್ಲ. ಕಡಲ ಕಡೆಯ ಹಳ್ಳಿಗಳಲ್ಲಿ ಪಂಪುಗಳೆಲ್ಲ ಕೆಟ್ಟು ಜನ ಉಪ್ಪುನೀರು ಕುಡಿಯುತ್ತಿದ್ದಾರೆ. "ನೀನು ಬೆಟ್ಟಕ್ಕೆ, ನಿನ್ನ ಯಜಮಾನ್ರು ಕಡಲಿಗೆ. ಇನ್ನೊಬ್ಬ ನರ್ಸ್ ಸಿಗೋವರೆಗೆ ಬೇರೆಬೇರೆ ಇರ್ಬೇಕಾಗುತ್ತಮ್ಮ. ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ ಅಂತ ಅವರು ಮೊದಲೇ ಮಾತು ಕೊಟ್ಟಿದಾರೆ. ನೀನೂ ಯೋಚನೆ ಮಾಡಿ ಹೇಳು."

ಅವಳು ನೇರವಾಗಿ ಬಾಲ್ಕನಿಗೆ ಹೋದಳು.

"ರೀ, ಒಂದು ಕೇಳ್ತೀನಿ. ಮದುವೆ ಆಗದವರನ್ನೂ ಮಿಷನ್ ಕಳಿಸೋ ಹಾಗಿದ್ದಿದ್ರೆ ನನ್ನ ಮದುವೆ ಆಗ್ತಿದ್ರಾ?"

ಬೇರೆ ಯಾವ ಗಂಡಸಾದರೂ ಥಟ್ಟನೆ ಹೂಂ ಅಂದು ಪಾರಾಗುತ್ತಿದ್ದ.

"ಇಲ್ಲ ಅನ್ಸುತ್ತೆ," ಎಂದ ಅವನು. "ಆಗ ನೀನು ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಅವಳು ಒಳಗೆ ಹೋಗಿ ಬಾಲ್ಕನಿಯ ಬಾಗಿಲು ಹಾಕಿಕೊಂಡಳು. ಕೇಳಬಾರದ್ದನ್ನು ಕೇಳಿದ ಮೇಲೆ ಅಳಬಾರದು ಎಂದುಕೊಂಡಳು, ಆದರೂ ಅತ್ತಳು. ಅವನು ಕರೆದ, ಗೋಡೆ ತಟ್ಟಿದ. ಅವಳು ಓಗೊಡಲಿಲ್ಲ. ಬೆಟ್ಟಕ್ಕೆ ಹೋಗಲು ಮನಸ್ಸಿಲ್ಲ, ಅವನ ಜೊತೆ ಇರಲು ಮುಖವಿಲ್ಲ, ಊರಿಗೆ ಮರಳಿದರೆ ಅತ್ತೆ ಬಿಡುವುದಿಲ್ಲ. ಮತ್ತೆ ಮಂಚದಿಂದ ಬಾಗಿಲಿಗೆ ನಡೆದಳು. ಸೆಕೆ ತಡೆಯಲಾರದೆ ಮರುದಿನ ಬಾಲ್ಕನಿಯ ಬಾಗಿಲು ತೆರೆದಾಗ ಆಚೆಯಿಂದ ಅವನ ದನಿ ಕೇಳಿತು. ಫೋನಿನಲ್ಲಿದ್ದ. ಅವನದು ಪಂಪಿನ ಸದ್ದಿನ ನಡುವೆ ಕೂಗಿ ಕೂಗಿ ದೊಡ್ಡದಾದ ಗಂಟಲು.

"ಮಾತು ಕೊಟ್ಟಿದ್ದು ಹೌದು ಸಾರ್. ಈಗ ತಪ್ತಿದೀನಿ, ಕ್ಷಮಿಸಿ. ನನ್ನನ್ನೂ ಬೆಟ್ಟಕ್ಕೇ ಹಾಕಿ. ಅಲ್ಲಿ ಪಂಪ್ ಇಲ್ದಿದ್ರೆ ಪಾತ್ರೆ ತೊಳೀತೀನಿ... ಕಾರಣಾನಾ? ದೇವರ ಕೆಲಸ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಇಷ್ಟು ದಿನ ಗೋಡೆ ಪಕ್ಕ ಕೂತು ಅವಳ ಹೆಜ್ಜೆ ಸದ್ದು ಕೇಳ್ತಿದ್ದೆ. ನಿನ್ನೆಯಿಂದ ಅವಳು ಮಾತು ಬಿಟ್ಟಿದಾಳೆ, ಊಟ ಸೇರ್ತಿಲ್ಲ ನಂಗೆ. ಅವಳಂದ್ರೆ ನಂಗೆ ಜೀವ ಸಾರ್. ಅವಳಿಗೇ ಇನ್ನೂ ಹೇಳಿಲ್ಲ."

ಅವಳು ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು. ನಿನ್ನೆ ಅವನು ಹೂಂ ಎಂದು ನಯವಾಗಿ ಪುಸಲಾಯಿಸಿದ್ದರೆ ಇವತ್ತಿನ ಈ ಮಾತನ್ನು ಅವಳು ನಂಬುತ್ತಲೇ ಇರಲಿಲ್ಲ. ಅವಳ ಎದೆಯ ಭಾರವೆಲ್ಲ ಇಳಿದುಹೋಯಿತು. ಇಳಿದ ಮೇಲೆ, ಉಪ್ಪುನೀರು ಕುಡಿಯುವ ಆ ಜನ ನೆನಪಿಗೆ ಬಂದರು.

"ರೀ!" ಎಂದು ಕೂಗಿದಳು. "ಬೇಡ ಅನ್ನಿ ಅವರಿಗೆ. ನೀವು ಕಡಲಿಗೆ ಹೋಗಿ, ನಾನು ಬೆಟ್ಟಕ್ಕೆ ಹೋಗ್ತೀನಿ."

ಅವನು ಬಾಗಿದ. ಮಾಸ್ಕ್ ಕೂಡ ಮರೆತಿದ್ದ.

"ಯಾಕೆ? ನನ್ನ ಜೊತೆ ಇರೋಕೆ ಇಷ್ಟ ಇಲ್ವಾ?"

"ನಿಮಗೆ ನಾನು ಬೇಡ ಅಂದ್ಕೊಂಡಾಗ ಗೋಡೆಯಾಚೆ ಇದ್ರೂ ಸಹಿಸೋಕಾಗ್ಲಿಲ್ಲ. ಈಗ ಎಷ್ಟು ದೂರ ಬೇಕಾದ್ರೂ ಇರ್ತೀನಿ. ನೀವು ಪಾತ್ರೆ ತೊಳೀತಾ ಕೂತ್ರೆ ಅಲ್ಲಿ ಮಕ್ಕಳು ಏನು ಕುಡೀಬೇಕು?"

ಅವನು ಇನ್ನಷ್ಟು ಬಾಗಿ ಅವಳನ್ನೇ ನೋಡಿದ. ಸೀಟಿ ಎಷ್ಟು ಊದಿದರೂ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಕಾವಲುಗಾರನೇ ಸೋತು ಮುಖ ತಿರುಗಿಸಿಕೊಂಡ.

ಬಾಗಿಲು ತೆರೆದ ದಿನ ಎರಡು ಜೀಪುಗಳು ಗೇಟಿನಲ್ಲಿ ನಿಂತಿದ್ದವು, ಒಂದರ ಮೂತಿ ಬೆಟ್ಟದ ಕಡೆಗೆ, ಇನ್ನೊಂದರದು ಕಡಲ ಕಡೆಗೆ. ಎಂದು ಬಾಗಿಲು ತೆರೆಯುವುದೋ ಎಂದು ಶಪಿಸುತ್ತಿದ್ದವಳಿಗೆ ಈಗ ಇನ್ನೊಂದು ವಾರ ಕೂಡಿಹಾಕಬಾರದಿತ್ತೇ ಎನಿಸಿತು. ಕಾರಿಡಾರಿನಲ್ಲಿ ಅವನು ಅವಳ ಕೈ ಹಿಡಿದ. ಗ್ರೀಸು, ಸ್ಪ್ಯಾನರು ಹಿಡಿದು ಒರಟಾದ ಕೈ ಬಿಸಿಯಾಗಿತ್ತು. ಕೆಳಗೆ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆದ.

"ಅಳ್ತಿದೀರಾ?" ಎಂದಳು ಅವಳು.

ಬೇರೆ ಯಾರಾದರೂ ಆಗಿದ್ದರೆ ಕಣ್ಣಿಗೆ ಧೂಳು ಬಿತ್ತು ಎನ್ನುತ್ತಿದ್ದರು.

"ಹೌದು," ಎಂದ ಅವನು.