ಬಾಗಿಲಿಗೆ ಬಿದ್ದ ಕೆಂಪು ಬಣ್ಣ

ಬೆಳಿಗ್ಗೆ ಬಾಗಿಲು ತೆರೆದ ಲೈ ಫೂನ್ ಚೀರಿಕೊಂಡಳು. ಬಾಗಿಲ ತುಂಬ ಕೆಂಪು ಬಣ್ಣ! ಹೊರಗೆ ಬಿಟ್ಟಿದ್ದ ಗಂಡ ಹೆಂಡಿರ ಬೂಟುಗಳ ಮೇಲೂ ಬಣ್ಣ ಹಸಿಹಸಿಯಾಗಿ ಇಳಿಯುತ್ತಿತ್ತು.

ಅವರ ಹುಟ್ಟೂರು, ಮಲೇಷ್ಯಾದ ಇಪೋದಲ್ಲಿ ಅದಕ್ಕೆ ಒಂದೇ ಅರ್ಥ—‘ಆ ಲಾಂಗ್’, ಅಂದರೆ ಕಳ್ಳಬಡ್ಡಿಗೆ ಸಾಲ ಕೊಟ್ಟವನು, ಮನೆ ಪತ್ತೆಹಚ್ಚಿದ್ದಾನೆ. ಸಾಲ ತೀರಿಸಲಿಲ್ಲವೆಂದು ಅಲ್ಲಿ ಅವನ ಕಡೆಯವರು ಅವಳ ನೂಡಲ್ ಅಂಗಡಿ ಸುಟ್ಟಿದ್ದರು, ತಮ್ಮನ ಕೈ ಮುರಿದಿದ್ದರು. ಅದಕ್ಕೇ ಸಂಸಾರ ಆಸ್ಟ್ರೇಲಿಯಾಕ್ಕೆ ಓಡಿಬಂದು ಆಶ್ರಯ ಕೋರಿತ್ತು. ಈಗ ಇಲ್ಲಿನ ಶೆಪಾರ್ಟನ್ ಎಂಬ ಊರಿನ ಹಣ್ಣಿನ ತೋಟಗಳಲ್ಲಿ ದುಡಿಯುತ್ತಿತ್ತು.

ಪಕ್ಕದ ಮನೆಯ ಅಂಜಲೈ ಧಾವಿಸಿ ಬಂದಳು. ಹಿಂದೆ ಇಪೋ ಪೊಲೀಸಿನಲ್ಲಿ ಪತ್ತೇದಾರಳಾಗಿದ್ದವಳು.

“ಈ ವಿಳಾಸ ಇಪೋದಲ್ಲಿ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ ಅಕ್ಕ! ಅಮ್ಮನಿಗೂ ಹೇಳಿಲ್ಲ.”

“ಮನೆ ಮಾಲೀಕ ವಿಟೊ? ಮೊನ್ನೆ ಜಗಳಕ್ಕೆ ಬಂದಿದ್ನಲ್ಲ?”

“ಬರೀ ಬಾಯಿ ಅವನದು. ತನ್ನ ಬಾಗಿಲು ತಾನೇ ಹಾಳು ಮಾಡ್ಕೋತಾನಾ?”

ಗಂಡ ಚೀ ಕಿಯೋಂಗ್ ಆಗಲೇ ಫೋಟೊ ತೆಗೆಯುತ್ತಿದ್ದ. “ಅಪಾಯಕ್ಕೆ ಸಾಕ್ಷಿ ಇಲ್ಲ ಅಂತ ಆಶ್ರಯದ ಅರ್ಜಿ ತಳ್ಳಿಹಾಕಿದ್ರಲ್ಲ? ಮೇಲ್ಮನವೀಲಿ ಇದನ್ನ ನೋಡ್ಲಿ!”

ಅಂಜಲೈ ಬೂಟುಗಳಿದ್ದ ಮೆಟ್ಟಿಲನ್ನೇ ನೋಡುತ್ತಿದ್ದಳು.

“ಮಗಳ ಬೂಟೆಲ್ಲಿ?”

“ಒಳಗಿದೆ...” ಎಂದ ಅವನ ದನಿ ಇಳಿಯಿತು.

ಅವಳು ಅವನನ್ನು ಹಿತ್ತಲಿಗೆ ಕರೆದೊಯ್ದಳು.

“ದಿನಾ ಮೂರು ಜೊತೇನೂ ಹೊರಗೇ ಇರುತ್ತೆ. ಇವತ್ತು ಅವಳ ಹೊಸ ಸ್ಕೂಲ್ ಬೂಟು ಮಾತ್ರ ಒಳಗೆ. ಆ ಲಾಂಗ್ ಕಡೆಯವನಾಗಿದ್ರೆ ಅದನ್ನ ಎತ್ತಿಟ್ಟು ಬಣ್ಣ ಎರಚ್ತಿದ್ನಾ? ಅದು ಹಾಳಾಗಬಾರದು ಅಂತ ಅನ್ನಿಸೋದು ಅಪ್ಪನಿಗೆ. ನೀನೇ ಅಲ್ವೇನೋ?”

ಅವನು ಹೌದೆಂದು ತಲೆಯಾಡಿಸಿದ. “ಸುಟ್ಟ ಅಂಗಡಿ ನಿಜ ಅಕ್ಕ. ಮುರಿದ ಕೈ ನಿಜ. ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ.”

“ಈ ಸುಳ್ಳು ಬಯಲಾದ್ರೆ ಆ ನಿಜವನ್ನೂ ನಂಬಲ್ಲ ಕಣೋ! ಲೈ ಫೂನ್‌ಗೆ ಗೊತ್ತಾ?”

“ಇಲ್ಲ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ.”

“ನಡಿ, ಮೊದಲು ಅವಳಿಗೆ ಹೇಳು. ಪಾಪ, ಜೀವ ಹಿಡ್ಕೊಂಡು ಕೂತಿದ್ದಾಳೆ.”

ಒಳಗೆ ಲೈ ಫೂನ್ ಮಗಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದಳು. ಅಳು ನಿಂತಿತ್ತು. ಕೈಯಲ್ಲಿ ಫೋನು.

“ಆ ಲಾಂಗ್‌ಗೇ ಫೋನ್ ಮಾಡ್ದೆ,” ಎಂದಳು. “ಹೇಗೂ ಮನೆ ಹುಡುಕಿದ್ದೀರಲ್ಲ, ಮಗೂನ ಮುಟ್ಟಬೇಡಿ, ನಾನೇ ವಾಪಸ್ ಬರ್ತೀನಿ ಅಂತ ಬೇಡ್ಕೊಂಡೆ.”

ಚೀ ಕಿಯೋಂಗ್ ಅವಳ ಕೈಯಿಂದ ಫೋನು ಕಿತ್ತುಕೊಂಡ.

“ಅವನೇನಂದ?” ಅಂಜಲೈ ಕೇಳಿದಳು.

“ಯಾವ ಮನೆ ಅಂದ. ಶೆಪಾರ್ಟನ್ ಮನೆ ಅಂದೆ. ಆಮೇಲೆ ಬೀದಿ ಹೆಸರು ಕೇಳಿದ... ಹೇಳ್ಬಿಟ್ಟೆ.”