ನಲವತ್ತಲ್ಲ, ಮೂವತ್ತೆಂಟು!

"ಇದು ಯಾವ ಪ್ರಾಣಿ ಅಂತ ನೀವೇ ಹೇಳ್ಬಿಡಿ!"

ಅವಳು ಕ್ರೋಮೋಸೋಮುಗಳ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದಳು. ಕಾಡುಪ್ರಾಣಿಗಳ ಡಾಕ್ಟರ್ ಒದ್ದೆ ಕೈ ಒರೆಸಿಕೊಳ್ಳುತ್ತಲೇ ಬಗ್ಗಿ, ಅದರಂಚಿನ ಚೀಟಿ ನೋಡಿದ.

ಇಬ್ಬರೂ ಮುಖಾಮುಖಿ ಆಗಿದ್ದು ಅದೇ ಮೊದಲು. ಅಲ್ಲಿಯವರೆಗೆ ಬರೀ ಫೋನು. ನದಿಯ ಎರಡೂ ದಡಗಳಲ್ಲಿ ಕಾಡಿಲಿ ಹಿಡಿದು, ಕಿವಿಯಂಚಿನ ಚೂರು ಚರ್ಮ ಕಳಿಸುವವನು ಅವನು. ಪ್ರಯೋಗಾಲಯದಲ್ಲಿ ಅದರಿಂದ ಜೀವಕೋಶ ಬೆಳೆಸಿ, ಕ್ರೋಮೋಸೋಮ್ ಎಣಿಸುವವಳು ಅವಳು. ಕೆಲಸದ ಮಾತು ಯಾವಾಗಲೋ 'ಊಟ ಆಯ್ತಾ' ಎನ್ನುವಲ್ಲಿಗೆ ಬಂದು ನಿಂತಿತ್ತು...

"ಆಚೆ ದಡದ ಕಾಡಿಲಿ," ಎಂದ.

"ಕಾಡಿಲಿಗೆ ನಲವತ್ತು ಕ್ರೋಮೋಸೋಮ್ ಇರುತ್ತೆ. ಇದಕ್ಕೆ ಮೂವತ್ತೆಂಟೇ! ಬೇರೆ ಯಾವ್ದೋ ಜಾತಿ ಹಿಡಿದಿದ್ದೀರ."

"ಹಲ್ಲು, ಪಾದ, ಬಾಲ ಎಲ್ಲ ನೋಡೇ ಕಳಿಸಿರೋದು. ನೀವು ಇಲಿ ಮುಖನಾದ್ರೂ ನೋಡಿದ್ದೀರಾ ಮೇಡಂ?"

ಅವಳಿಗೆ ಉರಿದುಹೋಯಿತು. ಅಲ್ಲಿಂದ ನೇರ ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹೋಗಿ ದೂರು ಕೊಟ್ಟಳು. ಅವನನ್ನು ಆ ಕೆಲಸದಿಂದ ಕೈಬಿಟ್ಟರು. ಫೋನೂ ನಿಂತಿತು.

ಆಮೇಲೆ ಅವಳು ಮುಟ್ಟಿದ್ದೆಲ್ಲ ಕೆಟ್ಟಿತು. ಒಂದು ಸಲ ಜೀವಕೋಶಗಳಿಗೆ ಬೂಷ್ಟು ಹಿಡಿಯಿತು. ಇನ್ನೊಂದು ಸಲ ಗಾಜಿನ ಮೇಲೆ ಕ್ರೋಮೋಸೋಮುಗಳು ಸಿಕ್ಕುಸಿಕ್ಕಾಗಿ ಕೂತವು. ಛೇ! ಎಣಿಸೋದಾದರೂ ಹೇಗೆ?

"ಲೇ, ಇಲಿ ಮೇಲಿನ ಸಿಟ್ಟು ಪಾತ್ರೆ ಮೇಲೆ ಯಾಕೆ ತೀರಿಸ್ಕೋತೀಯ?" ಅಡುಗೆಮನೆಯಲ್ಲಿ ಅಕ್ಕ ಕೇಳಿದಳು. "ಅಥವಾ ಇಲಿ ಹಿಡಿಯೋನ ಮೇಲಿನ ಸಿಟ್ಟಾ?"

"ಸುಮ್ನಿರೇ ಅಕ್ಕ!"

ಸುಮ್ಮನಿರದೆ ಇದ್ದದ್ದು ಅವಳ ಮನಸ್ಸೇ. ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಪ್ರತಿ ಕ್ರೋಮೋಸೋಮಿನ ಪಟ್ಟೆಗಳೂ ಕಾಣುವಂತೆ ಬಣ್ಣ ಹಾಕಿದಳು. ಆಚೆ ದಡದ ಇಲಿಯಲ್ಲಿ ಒಂದು ಜೋಡಿ ವಿಪರೀತ ಉದ್ದವಿತ್ತು. ಅದರ ಮೇಲಿನ ಅರ್ಧ... ಈಚೆ ದಡದ ಒಂದು ಚಿಕ್ಕ ಕ್ರೋಮೋಸೋಮಿನ ಪಟ್ಟೆಗಳೇ! ಕೆಳಗಿನ ಅರ್ಧ, ಮತ್ತೊಂದರದ್ದು!

ಕಳೆದುಹೋದದ್ದು ಏನೂ ಇರಲಿಲ್ಲ. ಎರಡು ಜೋಡಿಗಳು ಬೆಸೆದುಕೊಂಡು ಒಂದು ಜೋಡಿಯಾಗಿದ್ದವು. ನದಿ ಬೇರೆ ಮಾಡಿದ ಇಲಿಗಳು ತಲೆಮಾರುಗಳ ನಂತರ ಹೀಗೆ ಬದಲಾಗಿದ್ದವು. ಇಲಿ ಮಾತ್ರ ಅದೇ ಇಲಿ.

ಖುಷಿಗೆ ಕೂಗಬೇಕೆನಿಸಿತು. ಮರುಗಳಿಗೆ ಅವನ ನೆನಪಾಯಿತು. 'ಅವನು ಸರಿ ಇದ್ದ. ನಾನೇ...'

ಮುಖ್ಯಸ್ಥರ ಸಭೆಯಲ್ಲಿ ಎಲ್ಲರೆದುರು ತನ್ನ ತಪ್ಪನ್ನು ಹೇಳಿದಳು. ಅಲ್ಲಿಂದ ನೇರ ಪ್ರಾಣಿಗಳ ಆಸ್ಪತ್ರೆಗೆ ಹೊರಟಳು.

ಅವನು ಮಂಪರಿನಲ್ಲಿದ್ದ ನರಿಯೊಂದರ ಗಾಯ ಹೊಲಿಯುತ್ತಿದ್ದ. ತಲೆಯೆತ್ತಲಿಲ್ಲ.

"ಕಾಲು ಹಿಡ್ಕೊಳ್ಳಿ."

"ಯಾ... ಯಾರದ್ದು?"

"ನರೀದು ಮೇಡಂ! ನನ್ನದು ಆಮೇಲೆ ಹಿಡಿಯೋರಂತೆ."

ನಗಬೇಕೋ ಅಳಬೇಕೋ ತಿಳಿಯದೆ ಹಿಡಿದುಕೊಂಡಳು. ಬೆಚ್ಚಗಿತ್ತು ಕಾಲು. ಅವನು ಕೊನೆಯ ಹೊಲಿಗೆ ಹಾಕಿ ದಾರ ಕತ್ತರಿಸಿದ.

"ನೀವೇ ಸರಿ ಇದ್ರಿ," ಎಂದಳು. "ಎಲ್ಲರ ಮುಂದೆ ಹೇಳಿ ಬಂದೆ."

"ಗೊತ್ತು. ಮುಖ್ಯಸ್ಥರು ಈಗ ತಾನೇ ಫೋನ್ ಮಾಡಿ ವಾಪಸ್ ಕರೆದ್ರು. ಬರಲ್ಲ ಅಂದೆ."

"ಯಾಕೆ?!"

"ಅನುಮಾನ ಪಡೋದು ನಿಮ್ಮ ಕೆಲಸ. ಅದಕ್ಕೆ ಬೇಜಾರಿಲ್ಲ." ಅವನು ಸೂಜಿಯನ್ನು ತಟ್ಟೆಗೆ ಹಾಕಿದ. "ದಿನಾ ಅಷ್ಟು ಮಾತಾಡ್ತಿದ್ದೋರು, ಇನ್ನೊಂದ್ಸಲ ನೋಡೋಣ ಅಂತಾನೂ ಅನ್ನದೆ ಮೇಲಿನವರ ಹತ್ರ ಹೋದ್ರಲ್ಲ..."

ಅವಳ ಕಣ್ಣು ತುಂಬಿತು.

"ಹೆದರಿದ್ದೆ. ನಿಮ್ಮನ್ನೇ ನಂಬು ಅಂತ ಮನಸ್ಸು ಹಟ ಹಿಡಿದಿತ್ತು. ಇಷ್ಟಪಟ್ಟೋರ ಪರ ವಹಿಸಿ ಎಣಿಕೇನೇ ತಪ್ಪಿಸ್ತೀನೇನೋ ಅಂತ..."

"ಇಷ್ಟಪಟ್ಟೋರು ಅಂದ್ರೆ?"

"ಅದನ್ನೂ ಬಿಡಿಸಿ ಹೇಳ್ಬೇಕಾ?"

"ಹೇಳ್ಬೇಕು. ನಾನೂ ಒಂದ್ಸಲ ತಪ್ಪು ತಿಳ್ಕೊಂಡ್ರೆ?"

"ನೀವಂದ್ರೆ ನನಗೆ ಇಷ್ಟ ಕಣ್ರೀ! ಸಾಕಾ?"

ಅವನು ಕೈಗವಸು ಕಳಚಿ, ಅವಳ ಕೆನ್ನೆಯ ಮೇಲೆ ಇಳಿದ ಹನಿಯನ್ನು ಮೆಲ್ಲಗೆ ಒರೆಸಿದ.

"ಸಾಲ್ದು. ಮೊದ್ಲು ಈ 'ನೀವು' ಬಿಡ್ತೀಯಾ?"

"ಬಿಟ್ರೆ... ಕೆಲಸಕ್ಕೆ ಬರ್ತೀಯಾ?"

"ಬರ್ತೀನಿ. ಆದ್ರೆ ಇಲಿ ಹಿಡಿಯೋಕೆ ನೀನೂ ಜೊತೆಗೆ ಬರ್ಬೇಕು."

"ಅಯ್ಯೋ, ಕಚ್ಚುತ್ತೆ!"

"ನಿನ್ನಷ್ಟೇನಿಲ್ಲ ಬಿಡು..."