ಅಜ್ಜಿ ಕಡೆಯ ಸ್ಪೀಕರ್

"ಬರ್ರೀ ಅಕ್ಕಾರ, ಕುಂದರ್ರಿ."

ತಲೆ ಎತ್ತದೆಯೇ ಹೇಳಿದ ದುರಗೇಶ. ಕುಷ್ಟಗಿ ಸರ್ಕಲ್ ಹತ್ತಿರದ ಅವನ ಕಾರ್ ಸ್ಟೀರಿಯೋ ಅಂಗಡಿಗೆ ಯಾವ ಹೆಣ್ಣುಮಗಳು ಬಂದರೂ ಅದೇ ಮಾತು. ಹರೆಯದವಳಿರಲಿ, ಹಲ್ಲು ಬಿದ್ದವಳಿರಲಿ, ಎಲ್ಲರೂ ಅಕ್ಕಾರ!

"ಕುಂದರಾಕ ಬಂದಿಲ್ಲ. ಗಾಡಿ ಟೇಪ್ ಸತ್ತೈತಿ. ತೆಗೆದು ಬ್ಯಾರೇದು ಹಾಕ್ರಿ."

ಆ ದನಿಗೆ ದುರಗೇಶ ತಲೆ ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ...

ಬಿಸಿಲಿಗೆ ಕೆಂಪೇರಿದ ಮುಖ. ಹಣೆಗೆ ಅಂಟಿದ ಕೂದಲು. ಸುಕನ್ಯಾ ಹನುಮಸಾಗರದ ಪಶು ಆಸ್ಪತ್ರೆಯಲ್ಲಿ ನೌಕರಿಯವಳು, ಸುತ್ತಲಿನವರೆಲ್ಲ ಹೆಸರು ಬಲ್ಲವಳು. ಹಾಯಲು ಬರುವ ಎಮ್ಮೆಯ ಕೊಂಬು ಹಿಡಿದು ಸೂಜಿ ಚುಚ್ಚುವವಳು. ಎಮ್ಮೆಗೇ ಅಂಜದವಳು ಗಂಡಸರಿಗೆ ಅಂಜುತ್ತಾಳೆಯೇ?

ದುರಗೇಶ ಕಾರಿನೊಳಗೆ ಕೂತು ಬಟನ್ ಒತ್ತಿ ನೋಡಿದ. ಕಂಪನಿಯಿಂದಲೇ ಬಂದ ಹಳೇ ಸ್ಟೀರಿಯೋ. ಜೀವ ಇರಲಿಲ್ಲ.

"ಇದರ ಜೋಡಿ ಸ್ಪೀಕರ್ನೂ ಬದಲಿ ಮಾಡಿಬಿಡೂಣ್ರಿ. ಭಾಳ ಹಳೇವು..."

"ಸ್ಪೀಕರ್ ಮುಟ್ಟಿದ್ರ ಕೈ ಮುರೀತೀನಿ!"

ಪಕ್ಕದ ಪಂಕ್ಚರ್ ಅಂಗಡಿಯ ಯಮನೂರಸಾಬ ಟ್ಯೂಬು ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. "ಹುಷಾರ್ ಬೇಟಾ! ಕೈ ಹೋದ್ರ ರೊಟ್ಟಿ ಹೆಂಗ ಮುರೀತಿ?"

ಸುಕನ್ಯಾಳ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. "ಹಂಗಲ್ರೀ... ನಮ್ಮ ಅಜ್ಜಿಗೆ ಕಿವಿ ಮಂದ. ಮಂದಿ ಮಾತು ಅರ್ಧಕ್ಕರ್ಧ ಕೇಳಸಂಗಿಲ್ಲ. ಆದ್ರ ಈ ಹಿಂದಿನ ಎಡಗಡೆ ಬಾಗಲಕ್ಕ ಕಿವಿ ಹಚ್ಚಿ ಕುಂತ್ಲಂದ್ರ, ಹಾಡು ಒಂದಕ್ಷರ ಬಿಡದ ಕೇಳಸ್ತೈತಿ! ದಿನಾ ಸಂಜಿಗೆ ಮನಿ ಮುಂದ ಗಾಡ್ಯಾಗ ಕುಂತು ಆಕಿನೂ ಹಾಡಾಕಿ. ಟೇಪ್ ಕೆಟ್ಟಾಗಿಂದ ಮಾತಾಡೋದ ಬಿಟ್ಟಾಳ."

ದುರಗೇಶನ ಮುಖ ಮೆತ್ತಗಾಯಿತು. "ಹಂಗಂದ್ರ ಸ್ಪೀಕರಿಗೆ ಕೈ ಹಚ್ಚಂಗಿಲ್ರಿ. ಈ ಗಾಡಿಗೆ ವಾಯರ್ ಎಲ್ಲಾ ಒಮ್ಮೆಗೇ ಕೂಡಸೋ ಕಪ್ಲರ್ ಸಿಗಂಗಿಲ್ಲ, ಒಂದೊಂದ ವಾಯರ್ ಹುಡುಕಿ ಹೊಸಾ ಟೇಪಿಗೆ ಜೋಡಸಬೇಕು. ಸಂಜಿತನಾ ಬೇಕಾಗತೈತಿ."

ಅವನು ಕೆಲಸಕ್ಕೆ ಕೂತ. ಅವಳು ಬಾಗಿಲಿಗೆ ಒರಗಿ ನಿಂತು ಪೀಡಿಸತೊಡಗಿದಳು.

"ಸಾವಕಾಶ! ಹಂಗ್ಯಾಕ ಜಗ್ಗತೀರಿ?"

"ಎಮ್ಮಿಗೂ ಹಿಂಗ ಬೈತೀರೇನ್ರಿ?"

"ಎಮ್ಮಿ ಇಷ್ಟು ಮಾತಾಡಂಗಿಲ್ಲ!"

ಹೇಳಿದವಳು ತಾನೇ ಕಿಸಕ್ಕನೆ ನಕ್ಕಳು. ವಾಯರ್ ಹಿಡಿದ ಅವನ ಕೈ ನಿಂತೇಬಿಟ್ಟಿತು...

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಆಕಳೊಂದು ಈಯಲಾರದೆ ಒದ್ದಾಡುತ್ತಿದೆಯಂತೆ. ಕಾರು ಅಲ್ಲೇ ಬಿಟ್ಟು, ಕರೆಯಲು ಬಂದವರ ಬೈಕ್ ಹತ್ತಿ ಓಡಿದಳು.

ಸಂಜೆ ತಿರುಗಿ ಬಂದಾಗ ಹೊಸ ಸ್ಟೀರಿಯೋ ಮಿನುಗುತ್ತಿತ್ತು. ಹಾಡೂ ಬಂತು. ಅವಳು ಖುಷಿಯಿಂದ ಹೊರಡುವಾಗ ಇನ್ನೊಬ್ಬ ಗಿರಾಕಿ ಬಂದಳು.

"ಬರ್ರೀ ಅಕ್ಕಾರ!" ಎಂದ ದುರಗೇಶ.

ಸುಕನ್ಯಾಳಿಗೆ ಚುರುಕ್ ಎಂದಿತು. 'ಎಲ್ಲರಿಗೂ ಬಾಯಿ ತುಂಬ ಅಕ್ಕಾರ. ನನಗೆ ಬಂದಾಗ ಒಮ್ಮೆ ಬಿಟ್ಟರೆ ಬರೀ ರೀ... ಇಷ್ಟು ಸೊಕ್ಕೇ?'

ಅನ್ನದಿದ್ದರೆ ಬಿಡಲಿ, ತನಗೇಕೆ ಚುಚ್ಚಬೇಕು? ಅದನ್ನು ಮಾತ್ರ ಅವಳು ಯೋಚಿಸಲಿಲ್ಲ.

ಮನೆ ಮುಂದೆ ಸುಂಕಲಮ್ಮಜ್ಜಿ ಸೆರಗು ಕಟ್ಟಿಕೊಂಡು ಕಾದಿದ್ದಳು. ಕಾರು ನಿಂತದ್ದೇ ತಡ, ಹಿಂದಿನ ಸೀಟಿಗೆ ಏರಿ ಬಾಗಿಲಿಗೆ ಕಿವಿ ಹಚ್ಚಿದಳು. ಹಾಡು ಶುರುವಾಯಿತು.

ಅಜ್ಜಿಯ ಮುಖ ಅರಳಲಿಲ್ಲ. ಹುಣಸೆಕಾಯಿ ಕಚ್ಚಿದವಳ ಹಾಗೆ ಕಿವುಚಿತು!

"ಏನಾತು ಬೇ?"

"ಇದು ನನ್ನ ಸ್ಪೀಕರ್ ಅಲ್ಲ. ಹಾಡು ನೀರ ಮಜ್ಜಿಗಿ ಆಗೇತಿ."

ಸುಕನ್ಯಾ ತಾನೂ ಹಿಂದೆ ಕೂತು ಕೇಳಿದಳು. ಹೌದು! ದಪ್ಪ ದನಿಯೇ ಇಲ್ಲ. ಅಜ್ಜಿ ಇಳಿದು ಒಳಗೆ ಹೋದಳು.

'ಬದಲಿಸಿದ! ನಾನು ಅತ್ತ ಹೋದದ್ದೇ ಒಳ್ಳೆಯದನ್ನು ತೆಗೆದು ತಗಡು ತುರುಕಿದ! ಅವನ ಮಾತಿಗೆ ನಕ್ಕೆನಲ್ಲ ನಾನು... ಹುಚ್ಚಿ!'

ಸ್ಪೀಕರ್ ಹೋದದ್ದಕ್ಕಿಂತ ಆ ನಗು ಹೋದದ್ದೇ ಅವಳಿಗೆ ಹೆಚ್ಚು ಉರಿಯಿತು.

ಮರುದಿನ ಬೆಳಿಗ್ಗೆ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಬಂದವಳು ಅಂಗಡಿ ಮುಂದೆ ಗಕ್ಕನೆ ಬ್ರೇಕ್ ಹಾಕಿದಳು.

"ಕಳ್ಳ! ನನ್ನ ಅಜ್ಜಿ ಸ್ಪೀಕರ್ ಯಾರಿಗೆ ಮಾರಿದ್ರಿ?"

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ದುರಗೇಶನ ಮುಖ ಬಾಡಿತು. ಕೈ ಒರೆಸಿಕೊಂಡು ಕಾರಿನ ಹತ್ತಿರ ಬಂದ.

ಅಜ್ಜಿ ಕಿಟಕಿಯಿಂದ ತಲೆ ಹಾಕಿದಳು. "ಬಾಗಲಾ ಬಿಚ್ಚಸು, ಗೊತ್ತಾಗತೈತಿ. ಹಿಂದ ಗ್ಲಾಸು ರಿಪೇರಿಗೆ ಬಿಚ್ಚಿದಾಗ ಸ್ಪೀಕರಿಗೆ ಕುಂಕುಮ ಹಚ್ಚೀನಿ ನಾ. ನನ್ನ ಕಿವಿ ಅದು!"

ದುರಗೇಶ ಸ್ಕ್ರೂ ಬಿಚ್ಚಿ, ಬಾಗಿಲಿನ ಒಳಹೊದಿಕೆ ತೆಗೆದು ಸರಿದು ನಿಂತ.

ಧೂಳು ಹಿಡಿದ ಕಪ್ಪು ಸ್ಪೀಕರ್. ಅದರ ಅಂಚಿಗೆ, ಮಾಸಿದರೂ ಕಾಣುವಂತೆ... ಅಜ್ಜಿಯ ಬೆರಳಿನ ಕುಂಕುಮ!

ಸುಕನ್ಯಾ ನಾಲಿಗೆ ಕಚ್ಚಿಕೊಂಡಳು. ಅಯ್ಯೋ... ನಾಲ್ಕು ಮಂದಿ ಮುಂದೆ ಕಳ್ಳ ಅಂದೆನಲ್ಲ! ಈ ನಾಲಿಗೆಗೆ ಬರೆ ಹಾಕಬೇಕು.

"ನಾ... ಅದು..."

ದುರಗೇಶ ಅವಳತ್ತ ನೋಡಲಿಲ್ಲ. ಹಾಡು ಹಚ್ಚಿ ಅಜ್ಜಿಯ ಪಕ್ಕ ಹಿಂದಿನ ಸೀಟಿನಲ್ಲಿ ಕೂತು ಕೇಳಿದ. ಕೇಳುತ್ತಲೇ ಅವನ ಹುಬ್ಬು ಗಂಟಾಯಿತು. ಎದ್ದು ಹೋಗಿ ಸ್ಟೀರಿಯೋ ಹೊರಗೆಳೆದು ಹಿಂದಿನ ವಾಯರ್ ನೋಡಿದ. ಅರೆ!

"ಸ್ಪೀಕರ್ ನಿಮ್ದ ಐತ್ರಿ," ಎಂದ ಮೆಲ್ಲಗೆ. "ತಪ್ಪು ಮಾತ್ರ ನಂದ. ಈ ಬಾಗಲದ ಎರಡು ವಾಯರ್ ಉಲ್ಟಾ ಜೋಡಿಸೀನಿ. ಆ ಕಡೆ ಸ್ಪೀಕರ್ ಮುಂದ ನೂಕಿದ್ರ, ಇದು ಹಿಂದಕ ಜಗ್ಗತೈತಿ. ಎರಡೂ ಜಗಳಾಡಿ ದಪ್ಪ ದನಿ ನುಂಗ್ಯಾವ. ಮುಂದ ಕುಂತು ಕೇಳಿ ಬಿಟ್ಟೆ. ಹಿಂದ ಕುಂತು ಕೇಳಲಿಲ್ಲ."

"ಎಂದೂ ಇಲ್ಲದ್ದು ಹೆಂಗ ಉಲ್ಟಾ ಆತು ಅಂತ ಕೇಳ್ರಿ ಮೇಡಂ!" ಯಮನೂರಸಾಬ ಅಲ್ಲಿಂದಲೇ ಕೂಗಿದ. "ನೀವು ನಕ್ಕು ಹ್ವಾದ ಮ್ಯಾಲೆ ಇಂವನ ತಲೀನ ಉಲ್ಟಾ! ಒಂದು ಸ್ಕ್ರೂ ನನ್ನ ಚಾದಾಗ ಹಾಕ್ಯಾನ. ನುಂಗಿದ್ರ ಸತ್ತ ಹೋಗತಿದ್ದೆ!"

"ಚಾಚಾ, ಸುಮ್ನ ಕುಂದ್ರು!" ದುರಗೇಶನ ಕಿವಿ ಕುಂಕುಮಕ್ಕಿಂತ ಕೆಂಪಾಯಿತು.

ತಲೆ ಬಗ್ಗಿಸಿ ಅವನು ಎರಡು ವಾಯರ್ ಅದಲುಬದಲು ಮಾಡಿದ. ಮತ್ತೆ ಹಾಡು ಹಚ್ಚಿದ. ದನಿ ದುಂಡಗೆ ತುಂಬಿಕೊಂಡು ಬಂತು.

"ಹಾಂ! ಬಂತು ನೋಡು!" ಅಜ್ಜಿ ತೊಡೆ ತಟ್ಟಿ, ಬಾಗಿಲಿಗೆ ಕಿವಿ ಹಚ್ಚಿ, ಹಾಡಿನ ಜೊತೆ ತಾನೂ ಹಾಡತೊಡಗಿದಳು. ಸುಕನ್ಯಾಳ ಕಣ್ಣು ತುಂಬಿದವು.

ಅವಳು ಅವನ ಎದುರು ಬಂದು ನಿಂತಳು. ಮಂದಿ ಮುಂದೆ ಅಂದದ್ದನ್ನು ಮಂದಿ ಮುಂದೆಯೇ ತೆಗೆಯಬೇಕು.

"ಕಳ್ಳ ಅಂದೆ. ತಪ್ಪಾತ್ರಿ." ದನಿ ಜೋರಾಗಿಯೇ ಇತ್ತು.

"ಇರ್ಲಿ ಬಿಡ್ರಿ. ಕೈ ಮುರೀಲಿಲ್ಲಲ್ಲ, ಅಷ್ಟ ಸಾಕು."

ಅವಳಿಗೆ ನಗು ಬಂತು. ಆಮೇಲೆ ದನಿ ಇಳಿಸಿ ಕೇಳಿದಳು, "ಬಂದ ಹೆಂಗಸರಿಗೆಲ್ಲಾ ಅಕ್ಕಾರ ಅಂತೀರಿ. ನನಗ್ಯಾಕ ಅನ್ನಂಗಿಲ್ಲ? ನಾ ಏನ್ ಪಾಪ ಮಾಡೀನಿ?"

ದುರಗೇಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಿರುಗಿಸಿದ. "ಮೊದಲ ಅಂದಿದ್ದೆ. ತಲಿ ಎತ್ತಿ ನೋಡಿದ ಮ್ಯಾಲೆ... ಬಾಯಿಗೆ ಬರ್ಲಿಲ್ಲ."

"ಯಾಕ?"

"ಅಕ್ಕಾರ ಅಂದ್ರ... ಅಲ್ಲಿಗೇ ಮುಗೀತಲ್ರೀ."

ಸೊಕ್ಕಲ್ಲ! ಅದು ಸೊಕ್ಕಲ್ಲ... ಎಮ್ಮೆಯ ಕೊಂಬಿಗೂ ಅಂಜದವಳು ಈಗ ಅವನ ಕಣ್ಣು ತಪ್ಪಿಸಿ ಹಣೆಯ ಕೂದಲು ಸರಿಪಡಿಸಿಕೊಂಡಳು.

"ಏ ಹುಡುಗಾ!" ಅಜ್ಜಿ ಹಿಂದಿನಿಂದ ಕೂಗಿದಳು. "ನೀವಿಬ್ಬರೂ ಏನ್ ಮಾತಾಡ್ತೀರಿ ಕೇಳಸ್ಲಿಲ್ಲ. ಆದ್ರ ನನ್ನ ಕಣ್ಣು ಮಂದ ಇಲ್ಲ! ಹಿಂದಿನ ಸೀಟು ನಂದು. ಮುಂದಿನ್ವು ಎರಡೂ ನಿಮಗ!"

ಯಮನೂರಸಾಬ ಟ್ಯೂಬು ಬಿಟ್ಟು ಚಪ್ಪಾಳೆ ಹೊಡೆದ.

"ಹಂಗಾರ ನಿಮ್ಮನ್ನ ಏನಂತ ಕರೀಲ್ರಿ?" ದುರಗೇಶ ಪಿಸುದನಿಯಲ್ಲಿ ಕೇಳಿದ.

"ಹೆಸರಿಲ್ಲೇನ್ ನನಗ?"

"ಸುಕನ್ಯಾ..."

ಅವಳು ಅಜ್ಜಿಯತ್ತ ಮುಖ ತಿರುಗಿಸಿದಳು.

"ಕೇಳಸ್ತೇನ್ರಿ?"

"ಕೇಳಸ್ತು," ಎಂದಳು ನಗುತ್ತ. "ಒಂದಕ್ಷರ ಬಿಡದ."